ಎಂಟು ವರ್ಷದ ಹೊಸ ಟೈರು

ಆ ದಿನ ಕಂಪ್ಲಿಯಲ್ಲಿ ಜಂಬುನಾಥನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಅವನೂ ಎದ್ದು ನಿಂತು ನಾಲ್ಕು ಮಾತು ಬೈದು, ಹೊಸಪೇಟೆಗೆ ಬಂದು ಉಂಡು ಮಲಗುತ್ತಿದ್ದ. ಅವರು ನಕ್ಕರು. ಅದೂ ಜೋರಾಗಿ ಅಲ್ಲ. ಬೀಗರಾಗಬೇಕಿದ್ದವರ ಅಂಗಳದಲ್ಲಿ, ಹೋಳಿಗೆ ಉಂಡ ಬಾಯಿಯನ್ನು ಟವೆಲಿನಿಂದ ಒರೆಸಿಕೊಳ್ಳುತ್ತ, ಮೀಸೆಯೊಳಗೇ ನಕ್ಕರು. ಆ ನಗುವನ್ನು ಜಂಬುನಾಥ ವರ್ಷಪೂರ್ತಿ ಎದೆಯೊಳಗಿಟ್ಟು ಸಾಕಿದ.

ನಡೆದದ್ದು ಇಷ್ಟು. ಅವನ ಮಗಳು ಸ್ಫೂರ್ತಿಯನ್ನು ಕಂಪ್ಲಿಯ ರೈಸ್ ಮಿಲ್ ಮಾಲೀಕ ಮಾರುತೇಶನ ಮಗನಿಗೆ ಕೊಡುವುದೆಂದು ಮಾತಾಗಿತ್ತು. ನಿಶ್ಚಿತಾರ್ಥದ ದಿನ ಗೊತ್ತು ಮಾಡಲು ಹೊಸಪೇಟೆಯಿಂದ ಹಿರಿಯರೆಲ್ಲ ಹೋಗಿದ್ದರು. ಊಟವಾದ ಮೇಲೆ ಮಾರುತೇಶ, ಮಿಲ್ಲಿನ ಟ್ರ್ಯಾಕ್ಟರಿಗೆ ಟೈರು ಹಾಕಲು ಬಂದಿದ್ದ ಬಸವಕುಮಾರನನ್ನು ಕರೆದು, ಮಳೆಯಲ್ಲಿ ಬ್ರೇಕ್ ಒತ್ತಿದರೆ ತನ್ನ ಕಾರು ಜಾರುತ್ತದೆ, ಸ್ವಲ್ಪ ನೋಡು ಎಂದ. ಬಸವಕುಮಾರ ಕುಕ್ಕರಗಾಲಲ್ಲಿ ಕೂತು, ಟೈರಿನ ಬದಿಯ ಕೆಸರನ್ನು ಹೆಬ್ಬೆರಳಿನಿಂದ ಒರೆಸಿ, ಅಲ್ಲಿ ಅಚ್ಚೊತ್ತಿದ್ದ ನಾಲ್ಕು ಅಂಕಿಗಳನ್ನು ಎಲ್ಲರಿಗೂ ಕೇಳುವಂತೆ ಓದಿದ.

“ಸೊನ್ನಿ ಒಂಬತ್ತು, ಒಂದು ಎಂಟು. ಎರಡು ಸಾವಿರದ ಹದಿನೆಂಟರ ಒಂಬತ್ತನೇ ವಾರದಾಗ ಆದ ಟೈರ್ ಇವು. ನೀವು ನೋಡಿದ್ರ ಹ್ವಾದ ತಿಂಗಳ ಹೊಸಾವು ತಗೊಂಡೀನಿ ಅಂತೀರಿ. ಯಾರೋ ಮುದುಕಿಗೆ ಮದುಮಗಳ ಸೀರಿ ಉಡಿಸಿ ಕೊಟ್ಟಾರ್ರಿ.”

ಆ ಟೈರುಗಳನ್ನು ಕೊಟ್ಟವನು ಹೊಸಪೇಟೆಯಲ್ಲಿ ಟೈರಿನ ಅಂಗಡಿ ಇಟ್ಟಿದ್ದ ಜಂಬುನಾಥನೇ. ಬೀಗರೆಂದು ರಿಯಾಯಿತಿ ಬೇರೆ ತೋರಿಸಿದ್ದ. ಬಸವಕುಮಾರ ತಲೆ ಎತ್ತಿದಾಗ ಅವನ ಕಣ್ಣಿಗೆ ಬಿದ್ದದ್ದು ತನ್ನ ಹಳೆಯ ಧಣಿಯ ಮುಖ. ಅವನು ಕೈ ಒರೆಸಿಕೊಂಡು ಟ್ರ್ಯಾಕ್ಟರಿನ ಕಡೆ ಹೋಗಿಬಿಟ್ಟ. ಆದರೆ ಅಷ್ಟರಲ್ಲಿ ಮಾರುತೇಶ ಜಂಬುನಾಥನ ಕಡೆ ತಿರುಗಿ ನೋಡಿದ್ದ, ಉಳಿದವರು ಮಾರುತೇಶನ ನೋಟ ಹೋದ ಕಡೆ ನೋಡಿದ್ದರು. ವಾರದೊಳಗೆ ಜಾತಕ ಕೂಡಿಬರಲಿಲ್ಲ ಎಂಬ ಸುದ್ದಿ ಬಂತು. ಅದೇ ಜಾತಕ ಹಿಂದಿನ ತಿಂಗಳು ಚೆನ್ನಾಗಿ ಕೂಡಿಬಂದಿತ್ತು.

ಕಮಲಾಪುರದ ಬ್ಯಾಂಕಿನಲ್ಲಿ ಕೆಲಸ ಮಾಡುವ ಸ್ಫೂರ್ತಿ ಅಳಲಿಲ್ಲ. ಅಪ್ಪ ಬಸವಕುಮಾರನ ಏಳು ತಲೆಮಾರನ್ನೂ ಜಾಲಾಡುತ್ತಿದ್ದಾಗ, ಟಿಫಿನ್ ಬಾಕ್ಸಿನ ಮುಚ್ಚಳ ಒತ್ತುತ್ತ ಒಂದೇ ಮಾತು ಹೇಳಿದಳು: “ಅಪ್ಪಾ, ಅದರ ಮ್ಯಾಲ ಬರದದ್ದನ್ನ ಓದ್ಯಾನ ಅಷ್ಟ ಅವ.” ಆ ಮಾತಿಗೆ ಜಂಬುನಾಥ ಬಹಳ ದಿನ ಮಗಳೊಂದಿಗೆ ಮಾತು ಬಿಟ್ಟ. ತಪ್ಪು ಮಾಡಿದವನಿಗೆ ಸಿಟ್ಟು ಬರುವಷ್ಟು ತಪ್ಪು ಮಾಡದವನಿಗೆ ಬರುವುದಿಲ್ಲ, ಏನು ಮಾಡುವುದು.

ತಪ್ಪೆಂದು ಅವನಿಗೆ ಅನಿಸಿರಲೂ ಇಲ್ಲ. ಟೈರೇನು ಹಾಲೇ, ಸಂಜೆಯೊಳಗೆ ಒಡೆಯಲು? ಅಟ್ಟದ ಮೇಲೆ ಕೂತ ಟೈರಿನ ಹಲ್ಲು ಸವೆಯುವುದಿಲ್ಲ. ಬಟ್ಟೆಯಲ್ಲಿ ಪಾಲಿಶ್ ಹಾಕಿ ಉಜ್ಜಿದರೆ ಕಾರ್ಖಾನೆಯಿಂದ ಈಗ ಬಂದಂತೆ ಮಿರಿಮಿರಿ ಮಿಂಚುತ್ತದೆ. ಗಿರಾಕಿ ನೋಡುವುದು ಹಲ್ಲಿನ ಆಳ, ಕೇಳುವುದು ರೇಟು. ಹಾಗೆಂದು ಅವನಿಗೆ ರಬ್ಬರಿನ ಗುಣ ತಿಳಿಯದೆ ಇರಲಿಲ್ಲ. ಓಡದೆ ಬಿದ್ದಿದ್ದರೂ ವರ್ಷ ಕಳೆದಂತೆ ರಬ್ಬರಿನ ಜಿಡ್ಡು ಆರುತ್ತದೆ, ಗಟ್ಟಿಯಾಗುತ್ತದೆ, ಬದಿಯಲ್ಲಿ ಒಡೆದ ಹಿಮ್ಮಡಿಯಂಥ ಸಣ್ಣ ಬಿರುಕು ಏಳುತ್ತವೆ, ರಸ್ತೆಯ ಹಿಡಿತ ಹೋಗುತ್ತದೆ, ಈ ಸೀಮೆಯ ಬಿಸಿಲಲ್ಲಿ ಒಂದು ದಿನ ಢಮ್ ಎನ್ನುತ್ತದೆ. ಅದಕ್ಕೇ ತನ್ನ ಸ್ವಂತ ಕಾರಿಗೆ ಮಾತ್ರ ಅವನು ಆಯಾ ವರ್ಷದ ಟೈರನ್ನೇ ಹಾಕಿಸುತ್ತಿದ್ದ.

ಬಸವಕುಮಾರ ಜಂಬುನಾಥನ ಅಂಗಡಿಯಲ್ಲೇ ಟೈರು ಬಿಚ್ಚುವುದು ಕಲಿತವನು. ನಂತರ ಕಂಪ್ಲಿಗೆ ಹೋಗಿ ಸ್ವಂತ ಅಂಗಡಿ ಹಾಕಿದ. ಗಿರಾಕಿಯ ಬೆರಳನ್ನೇ ಹಿಡಿದು ಆ ನಾಲ್ಕು ಅಂಕಿಗಳ ಮೇಲೆ ಆಡಿಸಿ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ ಎಂದು ತಿಳಿಸಿ, ಆಮೇಲೆ ಟೈರು ಮಾರುವ ಚಟ ಅವನದು. ಅದರಿಂದಲೇ ಅವನ ಹೆಸರಾಯಿತು. ಬುಕ್ಕಸಾಗರದ ಭತ್ತದವರು, ಮಿಲ್ಲಿನವರು, ಗಂಗಾವತಿ ಕಡೆಯ ಟ್ಯಾಕ್ಸಿಯವರು ಎಲ್ಲ ಅವನ ಬಾಗಿಲಿಗೇ ಬರತೊಡಗಿದರು.

ಅವನನ್ನು ಹೊಡೆಸುವುದು ಸುಲಭವಿತ್ತು. ಅಂಗಡಿಗೆ ಬೆಂಕಿ ಇಡಿಸುವುದು ಇನ್ನೂ ಸುಲಭ. ಟೈರಿನಷ್ಟು ಚೆನ್ನಾಗಿ ಉರಿಯುವ ಸರಕು ಬೇರೆ ಯಾವುದಿದೆ? ಆದರೆ ಹೊಡೆತ ತಿಂದವನ ಮೇಲೆ, ಬೆಂಕಿಯಲ್ಲಿ ಕಳೆದುಕೊಂಡವನ ಮೇಲೆ ಜನಕ್ಕೆ ಕರುಣೆ ಹುಟ್ಟುತ್ತದೆ. ಜಂಬುನಾಥನಿಗೆ ಬೇಕಿದ್ದದ್ದು ನಗು. ಅದೇ ಕಂಪ್ಲಿಯಲ್ಲಿ, ಅದೇ ಜನರ ನಡುವೆ, ಬಸವಕುಮಾರ ಮಾರಿದ ಟೈರಿನ ಮೇಲಿನ ಅಂಕಿಗಳನ್ನು ಯಾರೋ ಗಟ್ಟಿಯಾಗಿ ಓದಬೇಕು, ಕೇಳಿದವರು ಮೀಸೆಯೊಳಗೆ ನಗಬೇಕು. ತನಗೆ ಬಡಿಸಿದ್ದನ್ನೇ ಅವನ ಎಲೆಗೂ ಬಡಿಸಬೇಕು.

ಸಂಡೂರು ರಸ್ತೆಯ ಗೋದಾಮಿನ ಅಟ್ಟದಲ್ಲಿ ಮಾರಾಟವಾಗದೆ ಉಳಿದ ನಾಲ್ಕು ಟೈರುಗಳಿದ್ದವು. ಅಂಕಿ ಒಂದು ಆರು, ಒಂದು ಏಳು. ಎಂದರೆ ಎರಡು ಸಾವಿರದ ಹದಿನೇಳರ ಹದಿನಾರನೇ ವಾರದವು, ಎಂಟು ವರ್ಷ ತುಂಬಿದವು. ಬಸವಕುಮಾರ ಮಾರುವ ಕಂಪನಿಯವೇ. ಆ ಕಂಪನಿ ಆ ಸೈಜನ್ನು ಅಂದಿನಿಂದ ಇಂದಿನವರೆಗೆ ಒಂದೇ ಅಚ್ಚಿನಲ್ಲಿ ಹೊಯ್ಯುತ್ತಿತ್ತು. ಹೊಸದನ್ನೂ ಹಳೆಯದನ್ನೂ ಪಕ್ಕಪಕ್ಕ ಇಟ್ಟರೆ, ಅಂಕಿ ನೋಡದ ಹೊರತು ಅಣ್ಣತಮ್ಮಂದಿರಂತೆ ಕಾಣುತ್ತಿದ್ದವು.

ಇನ್ನು ಬಸವಕುಮಾರನ ಅಂಗಡಿಯ ಬಿಲ್ಲು. ಅದರ ಮೇಲೆ ಕಂಪನಿಯ ಹೆಸರು, ಸೈಜು, ರೇಟು ಇರುತ್ತಿತ್ತೇ ಹೊರತು ಟೈರು ತಯಾರಾದ ವಾರ ಇರುತ್ತಿರಲಿಲ್ಲ. ಅಂಥದೊಂದು ಬಿಲ್ಲನ್ನು ಜಂಬುನಾಥ ಮೊದಲೇ ಬೇರೆಯವರ ಕೈಲಿ ತರಿಸಿ ನೋಡಿದ್ದ. ಬಸವಕುಮಾರ ಅಂಕಿಯನ್ನು ತೋರಿಸುತ್ತಾನೆ, ಬರೆದುಕೊಡುವುದಿಲ್ಲ. ತೋರಿಸಿದ್ದು ಗಾಳಿಗೆ ಹೋಗುತ್ತದೆ. ಇಬ್ಬರಿಗೂ ಸರಕು ಕಳಿಸುವ ಬಳ್ಳಾರಿಯ ವಿತರಕನೂ ಎಷ್ಟು ಟೈರು ಎಂದು ಎಣಿಸಿ ಇಳಿಸುತ್ತಾನೆ, ಯಾವ ವಾರದ್ದೆಂದು ಬರೆದಿಡುವುದಿಲ್ಲ. ಅಂಗಡಿಯ ಕ್ಯಾಮೆರಾಕ್ಕೆ ಮುಖ ಕಾಣುತ್ತದೆ, ಕಿರುಬೆರಳಿನ ಉಗುರಿನಷ್ಟು ಅಂಕಿ ಕಾಣುವುದಿಲ್ಲ. ಎಲ್ಲ ಕಡೆಯಿಂದ ನೋಡಿದರೂ ಬಸವಕುಮಾರನ ಬಳಿ ತನ್ನ ಬಾಯಿಮಾತಿನ ಹೊರತು ಬೇರೆ ಸಾಕ್ಷಿ ಇರಲಿಲ್ಲ.

ಗಿರಾಕಿಯಾಗಿ ಹೋಗಲು ಜಂಬುನಾಥ ಆರಿಸಿದ್ದು ಹಾಲೇಶನನ್ನು. ಚೋರನೂರಿನವನು, ಹೆಂಡತಿಯ ಕಡೆಯಿಂದ ದೂರದ ನಂಟು. ಸಂಡೂರಿನ ಗಣಿಯಲ್ಲಿ ಅದಿರು ಲಾರಿ ಓಡಿಸುತ್ತಿದ್ದವನು, ಕೆಲಸ ಹೋದ ಮೇಲೆ ಹಂಪಿ ನೋಡಲು ಬರುವವರಿಗೆ ಕಾರು ಓಡಿಸುತ್ತಿದ್ದ. ಹೊಸಪೇಟೆಗೆ ಬಂದ ಹೊಸದರಲ್ಲಿ ಗೋದಾಮಿನಲ್ಲೇ ಮಲಗಲು ಜಾಗ ಕೊಟ್ಟವನು ಜಂಬುನಾಥ. ಆ ಋಣಕ್ಕೆ ಇಲ್ಲ ಎನ್ನಲಾರ. ಬಸವಕುಮಾರ ಅವನ ಮುಖವನ್ನೇ ಕಂಡಿರಲಿಲ್ಲ. ಒಂದೇ ತೊಂದರೆಯೆಂದರೆ ಹಾಲೇಶನಿಗೆ ಸುಳ್ಳು ಹೇಳುವುದು ಒಗ್ಗುವುದಿಲ್ಲ, ಕಣ್ಣು ಅತ್ತಿತ್ತ ಓಡುತ್ತದೆ. ಅದಕ್ಕೂ ಜಂಬುನಾಥನ ಬಳಿ ಮದ್ದಿತ್ತು. “ಲೇ, ನೀ ಸುಳ್ಳ ಹೇಳೂದು ಬ್ಯಾಡ. ಅವ ಅಂಕಿ ತೋರ್ಸಕ ಬಂದಾಗ ಫೋನಿನಾಗ ಮಾತಾಡ್ಕಂತ ನಿಂದ್ರು. ಅಂಕಿ ನೋಡಿಲ್ಲ ಅನ್ನೂದು ಆವಾಗ ಖರೇನ ಆಗತೈತಿ.”

ಎಲ್ಲವೂ ಹಾಗೆಯೇ ನಡೆಯಿತು. ಹಾಲೇಶ ಕಂಪ್ಲಿಗೆ ಹೋಗಿ ನಾಲ್ಕು ಹೊಸ ಟೈರು ಹಾಕಿಸಿದ, ಫೋನು ಕಿವಿಗಿಟ್ಟುಕೊಂಡೇ ತಲೆಯಾಡಿಸಿದ, ಬಿಲ್ಲು ಜೇಬಿಗಿಟ್ಟ. ಬರುವ ದಾರಿಯಲ್ಲಿ ಎಲ್ಲೂ ನಿಲ್ಲಿಸದೆ ಸಂಡೂರು ರಸ್ತೆಯ ಗೋದಾಮಿಗೆ ಬಂದ. ಅಂದು ಅಂಗಡಿಗೆ ರಜೆ, ಕೆಲಸದವರಿಲ್ಲ. ಜಂಬುನಾಥ ಬಾಗಿಲು ಹಾಕಿಕೊಂಡು, ಬಹಳ ವರ್ಷಗಳ ಮೇಲೆ ತಾನೇ ತೋಳು ಮಡಚಿ, ಹೊಸ ಟೈರುಗಳನ್ನು ಬಿಚ್ಚಿ ಹಳೆಯವನ್ನು ಹಾಕಿದ. ರಿಮ್ಮಿಗೆ ಒಂದು ಗೀರು ಬೀಳಲಿಲ್ಲ. ಬ್ಯಾಲೆನ್ಸ್‌ಗೆ ಅಂಟಿಸಿದ ಸೀಸದ ತುಂಡುಗಳನ್ನೂ ಲೆಕ್ಕವಾಗಿ ಹೊಸದಾಗಿ ಅಂಟಿಸಿದ. ಹಾಲೇಶನಿಗೆ ವೇಗವಾಗಿ ಓಡಿಸಬೇಡ, ಹಂಪಿ ಕಮಲಾಪುರದ ಆಚೆ ಬಾಡಿಗೆ ಹಿಡಿಯಬೇಡ ಎಂದು ತಾಕೀತು ಮಾಡಿದ. ಅವನಿಗೆ ಯಾರ ಜೀವವೂ ಬೇಕಿರಲಿಲ್ಲ. ಇದನ್ನು ತನ್ನ ದೊಡ್ಡತನವೆಂದೇ ಎಣಿಸಿಕೊಂಡ.

ಕಾರು ಸ್ವಲ್ಪ ಕಾಲ ಓಡಲಿ, ಟೈರಿನ ಹಲ್ಲು ಒಂದಿಷ್ಟು ಸವೆಯಲಿ ಎಂದು ಕಾದ. ಬೇಸಿಗೆ ಏರಿತು, ಬದಿಯ ಬಿರುಕುಗಳು ಪಾಲಿಶ್ ದಾಟಿ ಹೊರಬಂದವು. ಆಗ ಜಂಬುನಾಥ ಒಂದು ಟೈರಿಗೆ ತಾನೇ ಮೊಳೆ ಹೊಡೆದು, ಹಾಲೇಶನನ್ನು ಕಮಲಾಪುರದ ಬಸ್ ಸ್ಟ್ಯಾಂಡ್ ಎದುರಿನ ಸುಂಕಪ್ಪನ ಪಂಕ್ಚರ್ ಅಂಗಡಿಗೆ ಕಳಿಸಿದ. ಅಲ್ಲಿ ಯಾವ ಹೊತ್ತಿನಲ್ಲೂ ಚಹಾ ಕುಡಿಯುತ್ತ ಹತ್ತಾರು ಜನ ನಿಂತಿರುತ್ತಾರೆ. ಈಗಿನ ಟೈರಿಗೆ ಟ್ಯೂಬಿಲ್ಲ, ಪಂಕ್ಚರಿಗೆ ಟೈರು ಬಿಚ್ಚಬೇಕಿಲ್ಲ. ಹೊರಗಿನಿಂದಲೇ ತೂತಿಗೆ ರಬ್ಬರಿನ ಎಳೆ ತುರುಕಿ ಮುಗಿಸುತ್ತಾರೆ. ಸುಂಕಪ್ಪ ಎಳೆ ತುರುಕುತ್ತಿದ್ದಾಗ ಹಾಲೇಶ, ಹೇಳಿಕೊಟ್ಟಂತೆ, ಹೊಸ ಟೈರಿಗೆ ಹಿಂಗ್ಯಾಕ ಬಿರುಕು ಬಿಟ್ಟಾವು ಎಂದು ಕೇಳಿದ. ಸುಂಕಪ್ಪ ಅಂಕಿ ಓದಿದ. ಯಾರಲ್ಲಿ ತಗೊಂಡಿದ್ದು ಎಂದು ನಿಂತವರು ಕೇಳಿದರು. ಹಾಲೇಶ ಜೇಬಿನಿಂದ ಬಿಲ್ಲು ತೆಗೆದ.

ಅದನ್ನು ಯಾರೋ ಫೋನಿನಲ್ಲಿ ಹಿಡಿದರು. ಜಂಬುನಾಥ ಅದಕ್ಕೂ ಒಬ್ಬನನ್ನು ಗೊತ್ತು ಮಾಡಿದ್ದ, ಆದರೆ ಬೇಕಾಗಲಿಲ್ಲ. ಊರ ಜನ ತಾವಾಗಿಯೇ ಆ ಸೇವೆ ಮಾಡಿದರು. ಸಂಜೆಯೊಳಗೆ ಕಂಪ್ಲಿಯ ಎಲ್ಲ ಮಿಲ್ಲುಗಳ ವಾಟ್ಸಾಪ್ ಗುಂಪಿನಲ್ಲಿ ಬಸವಕುಮಾರನ ಅಂಗಡಿಯ ಬಿಲ್ಲು ತಿರುಗಿತು. ವಾರ ಓದುವ ಬಸವಕುಮಾರನೇ ಎಂಟು ವರ್ಷದ ಮಾಲು ಮಾರಿದ್ದಾನೆ ಎಂದು ಜನ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಅಂಕಿ ಕೇಳಿ ಹೋಗತೊಡಗಿದರು. ಮುದುಕಿಗೆ ಸೀರೆ ಉಡಿಸಿದ ಮಾತೂ ಯಾರಿಗೋ ನೆನಪಿತ್ತು, ಅದನ್ನೂ ಸೇರಿಸಿದರು. ಗಿರಾಕಿಗಳು ಕಡಿಮೆಯಾದರು, ಆಮೇಲೆ ನಿಂತೇ ಹೋದರು. ಆ ವಾರ ಜಂಬುನಾಥ ಮಗಳನ್ನು ತಾನಾಗಿಯೇ ಮಾತಾಡಿಸಿದ, ಎರಡು ಸಲ ಬಡಿಸಿಕೊಂಡು ಉಂಡ.

ಹಾಲೇಶನ ಹೆಸರಿನಲ್ಲಿ ಬಳ್ಳಾರಿಯ ಗ್ರಾಹಕರ ಆಯೋಗಕ್ಕೆ ದೂರು ಹೋಯಿತು. ಟೈರುಗಳನ್ನು ಪರೀಕ್ಷಿಸಿ ವರದಿ ಕೊಡಲು ಆಯೋಗ ಪಾಲಿಟೆಕ್ನಿಕ್ಕಿನ ಉಪನ್ಯಾಸಕ ಮನೋಹರ್ ಎಂಬವರನ್ನು ನೇಮಿಸಿತು. ಅವರು ಎರಡೂ ಕಡೆಯವರ ಎದುರಿಗೇ ನೋಡುತ್ತೇನೆ ಎಂದು ಬಸವಕುಮಾರನ ಅಂಗಡಿಯಲ್ಲೇ ಒಂದು ಬೆಳಿಗ್ಗೆ ಗೊತ್ತು ಮಾಡಿ, ಟೈರು ವ್ಯಾಪಾರಿಗಳ ಸಂಘದಿಂದ ತಿಳಿದವರೊಬ್ಬರು ಬಂದರೆ ಒಳ್ಳೆಯದು ಎಂದರು. ಸಂಘದ ಅಧ್ಯಕ್ಷ ಯಾರು? ಜಂಬುನಾಥ. ಇಂಥ ಸುಖವನ್ನು ಅವನು ತನ್ನ ಲೆಕ್ಕದಲ್ಲೇ ಇಟ್ಟಿರಲಿಲ್ಲ, ಅದು ತಾನಾಗಿ ನಡೆದು ಬಂತು.

ಅವನು ಆ ಬೆಳಿಗ್ಗೆ ಕಂಪ್ಲಿಗೆ ಹೋದದ್ದು ತನ್ನ ಬಿಳಿ ಕಾರಿನಲ್ಲಿ, ಬಸವಕುಮಾರನಿಂದ ಹಾಲೇಶ ತಂದ ಅದೇ ನಾಲ್ಕು ಹೊಸ ಟೈರುಗಳ ಮೇಲೆ. ಸೈಜು ಒಂದೇ ಆದ್ದರಿಂದ ಸುಡಲು ಮನಸ್ಸು ಬಾರದೆ ತನ್ನ ಗಾಡಿಗೇ ಹಾಕಿಸಿದ್ದ. ಅದೇ ಕಂಪನಿಯ ಟೈರನ್ನು ಅವನೂ ಮಾರುವುದರಿಂದ ಅನುಮಾನಕ್ಕೆ ಎಡೆ ಇರಲಿಲ್ಲ. ವೈರಿಯ ಟೈರಿನ ಮೇಲೆ ಕೂತು ವೈರಿಯ ಮಾನ ಹೋಗುವುದನ್ನು ನೋಡಲು ಹೋಗುವುದರಲ್ಲಿ ಒಂದು ರುಚಿ ಇದೆ. ಬುಕ್ಕಸಾಗರ ದಾಟಿದ ಮೇಲೆ ರಸ್ತೆ ಕೆಟ್ಟಿತ್ತು, ಟೈರುಗಳು ಬಹಳ ಮೆತ್ತಗೆ ಓಡಿದವು. ಅಂಗಡಿಯ ಬಾಗಿಲಿಗೇ ಕಾರು ನಿಲ್ಲಿಸಿ ಇಳಿದ.

ಮಾರುತೇಶನೂ ತನ್ನ ಕಾರಿನಲ್ಲಿ ಬಂದಿದ್ದ, ಮಿಲ್ಲಿನ ಇನ್ನಷ್ಟು ಜನ ಬಂದಿದ್ದರು. ಹಾಲೇಶ ತನ್ನ ಕಾರಿಗೆ ಒರಗಿ ನೆಲ ನೋಡುತ್ತ ನಿಂತಿದ್ದ. ಬಸವಕುಮಾರ ಸೊರಗಿಹೋಗಿದ್ದ, ಅಂಗಿ ಮೈಮೇಲೆ ತೂಗುತ್ತಿತ್ತು. ತಾನು ಅಂಕಿ ತೋರಿಸಿಯೇ ಕೊಟ್ಟೆ ಎಂದ, ಅವರು ಫೋನಿನಲ್ಲಿದ್ದರು ಎಂದ, ಮತ್ತೆ ಅದನ್ನೇ ಹೇಳಿದ. ಮನೋಹರ್ ಬಾಗಿ ನಾಲ್ಕೂ ಟೈರಿನ ಅಂಕಿಗಳನ್ನು ಗಟ್ಟಿಯಾಗಿ ಓದಿದರು. ಜಂಬುನಾಥ ಕಣ್ಣು ಮುಚ್ಚಿಕೊಂಡು ಕೇಳಿದ. ಮೀಸೆಗಳೊಳಗಿನ ನಗು ಅವನಿಗೆ ಕಣ್ಣು ಬಿಡದೆಯೇ ಕಂಡಿತು.

ಸಂಘದ ಪರವಾಗಿ ಎರಡು ಮಾತು ಹೇಳಿ ಎಂದು ಮನೋಹರ್ ಕೇಳಿದರು. “ರಬ್ಬರಿಗೂ ವಯಸ್ಸು ಐತಿ ಸರ್,” ಎಂದ ಜಂಬುನಾಥ, ನಿಧಾನವಾಗಿ. “ಓಡ್ಲಿ ಬಿಡ್ಲಿ, ವರ್ಷ ಆದಂಗ ಗಟ್ಟಿ ಆಗತೈತಿ. ಇಂಥಾ ಟೈರ್ ಹೊಸಾದು ಅಂತ ಮಾರೂದು ಅಂದ್ರ ಮಂದಿ ಜೀವದ ಜೋಡಿ ಆಟ ಆಡಿದಂಗ. ಈ ಹುಡುಗ ನನ್ನ ಕೈಯಾಗ ಕಲ್ತವ. ಅದಕ್ಕ ನನಗ ಭಾಳ ಬ್ಯಾಸರ.” ಮಾರುತೇಶ ತಲೆದೂಗಿದ. ಅವನು ಹೀಗೆ ತಲೆದೂಗಲೆಂದೇ ಜಂಬುನಾಥ ಇಷ್ಟೆಲ್ಲ ಮಾಡಿದ್ದ.

ಆಗ ಒಳಗಿನಿಂದ ಬಸವಕುಮಾರನ ತಾಯಿ ಹಂಪಮ್ಮ ಬಂದಳು. ಟೈರು ಕೂರಿಸುವ ಯಂತ್ರದ ಹಿಂದೆ ಸದಾ ಒಂದು ಸ್ಟೂಲ್ ಹಾಕಿಕೊಂಡು ಕೂರುವ ಮುದುಕಿ. ಗಿರಾಕಿಗಳ ಮುಂದೆ ಅವಳು ಬಂದದ್ದನ್ನು ಕಂಡವರು ಕಡಿಮೆ. ಸೆರಗು ಸರಿಮಾಡಿಕೊಂಡು, ಹೊರಗಿನದೆಲ್ಲ ನೋಡಿದ್ದಾಯಿತಲ್ಲ, ಈಗ ಇವನ್ನು ಬಿಚ್ಚಿ ಒಳಗೂ ನೋಡಿ ಎಂದಳು. ಒಳಗೆ ಅಂಕಿ ಇರುವುದಿಲ್ಲಮ್ಮ ಎಂದು ಮನೋಹರ್ ನಕ್ಕರು. ಬಿಚ್ಚಲಿ ಬಿಡಿ ಸರ್ ಎಂದು ಜಂಬುನಾಥನೇ ಉದಾರವಾಗಿ ಹೇಳಿದ. ನಾಲ್ಕನ್ನೂ ಬಿಚ್ಚಿದರು. ಮುದುಕಿ ಒಂದೊಂದರ ಒಳಗೂ ಕೈಯಾಡಿಸಿ ನೋಡಿದಳು. ಒಳಗೆಲ್ಲ ಬರೀ ಕಪ್ಪು. “ಇವು ನನ್ನ ಕೈ ದಾಟಿ ಹ್ವಾದ ಟೈರ್ ಅಲ್ಲರಿ,” ಎಂದಳು. “ಮಾರುತೇಶಪ್ಪಾರ ಗಾಡಿದು ಒಂದು ಬಿಚ್ಚಿಸ್ರಿ. ಆ ಹಳೇ ಟೈರ್ ತಗಿಸಿ ಅವರೂ ಇಲ್ಲೇ ಹಾಕ್ಸಿದ್ದು.”

ಮಾರುತೇಶನ ಕಾರಿನ ಟೈರು ಬಿಚ್ಚಿದಾಗ ಒಳಮೈಯಲ್ಲಿ ಮೂರು ಬೆರಳಿನ ಬಿಳಿ ಗೆರೆಗಳು ಕಂಡವು. ಹಂಪಮ್ಮನ ಗಂಡ ಸಂಡೂರಿನ ಘಾಟಿನಲ್ಲಿ ಲಾರಿಯ ಟೈರು ಸಿಡಿದು ಸತ್ತವನು. ಅದಕ್ಕೇ ಈ ಅಂಗಡಿಯಿಂದ ಹೋಗುವ ಪ್ರತಿ ಟೈರಿನೊಳಗೂ ಅವಳು ನೀರಲ್ಲಿ ಕಲಸಿದ ವಿಭೂತಿ ಎಳೆದೇ ಯಂತ್ರಕ್ಕೆ ಕೊಡುತ್ತಿದ್ದಳು. ಗಾಡಿಗಳು ಎಲ್ಲ ಧರ್ಮದವರವು, ಯಾರ ಮನಸ್ಸಿಗೂ ಕಸಿವಿಸಿಯಾಗದಿರಲಿ ಎಂದು ಹೊರಗೆ ಹಚ್ಚದೆ ಒಳಗೆ ಹಚ್ಚುತ್ತಿದ್ದಳು, ಹೇಳಿಕೊಳ್ಳುತ್ತಿರಲಿಲ್ಲ. ಹಾಗಾದರೆ ನನ್ನ ನಾಲ್ಕು ಟೈರು ಎಲ್ಲಿ ಹೋದವಪ್ಪಾ ಎಂದು ಅವಳು ಹಾಲೇಶನನ್ನು ಕೇಳಿದಳು. ಸುಳ್ಳು ಹೇಳಲು ಬಾರದ ಹಾಲೇಶನ ಕಣ್ಣು ಅತ್ತಿತ್ತ ಓಡಿ, ಬಾಗಿಲಲ್ಲಿ ನಿಂತ ಬಿಳಿ ಕಾರಿನ ಗಾಲಿಗಳ ಮೇಲೆ ಹೋಗಿ ನಿಂತಿತು. ಎಲ್ಲರ ಕಣ್ಣೂ ಅದರ ಹಿಂದೆ ಹೋದವು. ಗೋದಾಮಿನಲ್ಲಿ ಆ ಟೈರುಗಳನ್ನು ಬಿಚ್ಚಿದಾಗ ಒಳಗೆ, ಬಿಚ್ಚಲು ಸುರಿದ ಸೋಪು ನೀರಿಗೆ ಕಲಸಿಹೋದ ಬಿಳಿ ಬಳಿತವನ್ನು ಜಂಬುನಾಥ ಕಂಡಿದ್ದ. ದಿನಾ ಬೆಳಿಗ್ಗೆ ಹಣೆಗೆ ಅದನ್ನೇ ಹಚ್ಚಿಕೊಳ್ಳುವವನು, ಟೈರಿನವನಾಗಿದ್ದರಿಂದ, ಅದನ್ನು ಹಿಂದೆ ಟ್ಯೂಬು ಅಂಟದಿರಲೆಂದು ಬಳಿಯುತ್ತಿದ್ದ ಪೌಡರೆಂದು ತಿಳಿದು, ಟ್ಯೂಬಿಲ್ಲದ ಟೈರಿಗೂ ಪೌಡರ್ ಬಳಿಯುತ್ತಾನಲ್ಲ ದಡ್ಡ ಎಂದು ನಕ್ಕು, ಒರೆಸದೆ ಹಾಗೆಯೇ ತನ್ನ ಕಾರಿಗೆ ಹಾಕಿಕೊಂಡಿದ್ದ.